ತೊಡೆಮೂಳೆಯೊಳಗಿನ ರಾಡ್: ಕೀಲ್‌ನಿಂದ ಬೈರಸಂದ್ರದವರೆಗೆ

ಬೈರಸಂದ್ರದ ಸಂಜಯ್ ಗಾಂಧಿ ಆಸ್ಪತ್ರೆಯ ಆವರಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು, ‘ರಾಡ್ ಹಾಕಿದಾರೆ’ ಎನ್ನುವ ಮಾತು ಕಿವಿಗೆ ಬೀಳುತ್ತದೆ. ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದರೆ ತೊಡೆಮೂಳೆಯ ಉದ್ದಕ್ಕೂ, ಅದರ ಒಳಗೇ, ಒಂದು ಬಿಳಿ ಸರಳು. ಸೊಂಟದ ಕಡೆ ಒಂದೋ ಎರಡೋ ಸ್ಕ್ರೂ, ಮಂಡಿಯ ಮೇಲೆ ಇನ್ನೆರಡು. ಮೂಳೆ ಮುರಿದದ್ದು ತೊಡೆಯ ನಡುವೆ, ಹೊಲಿಗೆ ಇರುವುದು ಸೊಂಟದ ಪಕ್ಕದಲ್ಲಿ. ಮುರಿದ ಜಾಗವನ್ನು ಕೊಯ್ಯಲೇ ಇಲ್ಲವೇ ಎಂದು ಮನೆಯವರು ಕೇಳುತ್ತಾರೆ. ಹೌದು, ಕೊಯ್ಯಲಿಲ್ಲ. ಹಾಗೆ ಕೊಯ್ಯದೆ ಸರಿಪಡಿಸಬಹುದೆಂದು ಹಟ ಹಿಡಿದವರು ಜರ್ಮನಿಯ ಗೆರ್‌ಹಾರ್ಡ್ ಕುಂಟ್‌ಷರ್. ಈ ರಾಡಿಗೆ ಮೂಳೆ ವೈದ್ಯರು ‘ನೇಲ್’ ಎನ್ನುತ್ತಾರೆ. ಅವರ ಬಾಯಲ್ಲಿ ‘ಕೆ-ನೇಲ್’ ಎಂದು ಉಳಿದಿರುವುದು ಕುಂಟ್‌ಷರ್ ಹೆಸರೇ.

ಅವರಿಗಿಂತ ಮುಂಚೆ ತೊಡೆಮೂಳೆ ಮುರಿದರೆ ಏನಾಗುತ್ತಿತ್ತು? ತೊಡೆಯ ಸ್ನಾಯುಗಳು ಬಲು ಗಟ್ಟಿ. ಮುರಿದ ಎರಡು ತುಂಡುಗಳನ್ನು ಒಂದರ ಮೇಲೊಂದು ಎಳೆದು ಕಾಲನ್ನು ಗಿಡ್ಡ ಮಾಡುತ್ತವೆ. ಹೊರಗೆ ಒಂದು ಹನಿ ಕಾಣದೆ ಒಳಗೇ ಒಂದರಿಂದ ಒಂದೂವರೆ ಲೀಟರ್ ರಕ್ತ ಸೋರಬಹುದು. ಮೊದಲ ಮಹಾಯುದ್ಧದ ಆರಂಭದಲ್ಲಿ ಗುಂಡು ತಗುಲಿ ತೊಡೆ ಮುರಿದ ಬ್ರಿಟಿಷ್ ಸೈನಿಕರಲ್ಲಿ ಹೆಚ್ಚಿನವರು ಸಾಯುತ್ತಿದ್ದರು. ಲಿವರ್‌ಪೂಲಿನ ಹ್ಯೂ ಓವೆನ್ ಥಾಮಸ್ ರೂಪಿಸಿದ್ದ, ಕಾಲನ್ನು ಅಲುಗದಂತೆ ಹಿಡಿಯುವ ಕಬ್ಬಿಣದ ಸ್ಪ್ಲಿಂಟನ್ನು ಅವರ ಸಂಬಂಧಿ ರಾಬರ್ಟ್ ಜೋನ್ಸ್ ಯುದ್ಧಭೂಮಿಗೆ ತಲುಪಿಸಿದ ಮೇಲೆ ಆ ಸಾವು ಬಹಳ ಇಳಿಯಿತು. ನಮ್ಮ ಕ್ಯಾಶುವಾಲ್ಟಿಗಳಲ್ಲಿ ಇವತ್ತಿಗೂ ಮೊದಲು ಕಟ್ಟುವುದು ಅದನ್ನೇ.

ಆದರೆ ಸ್ಪ್ಲಿಂಟ್ ಜೀವ ಉಳಿಸಿತು, ಕಾಲನ್ನು ಉಳಿಸಲಿಲ್ಲ. ಮೊಣಕಾಲ ಕೆಳಗಿನ ಮೂಳೆಗೆ ಪಿನ್ ತೂರಿಸಿ, ತೂಕ ನೇತುಹಾಕಿ, ಹತ್ತು ಹನ್ನೆರಡು ವಾರ ಮಲಗಿಸುವುದೇ ಚಿಕಿತ್ಸೆ. ಬೆನ್ನಲ್ಲಿ ಹುಣ್ಣು, ಎದೆಯಲ್ಲಿ ಕಫ, ಮಡಚಲಾರದ ಮಂಡಿ, ಒಂದಿಂಚು ಗಿಡ್ಡವಾದ ಕಾಲು. ಮಲಗಿದವನು ದುಡಿಯುವವನಾದರೆ ಮನೆಯೂ ಅವನ ಜೊತೆ ಮಲಗುತ್ತಿತ್ತು. ಬೆಂಗಳೂರಿನ ಗಲ್ಲಿಗಳಲ್ಲಿ ಬೋರ್ಡು ಕಾಣುವ ಪುತ್ತೂರು ಕಟ್ಟು ಜನರಿಗೆ ಹತ್ತಿರವಾದದ್ದು ಸುಮ್ಮನೆ ಅಲ್ಲ. ಅಲ್ಲಿ ಕಟ್ಟಿಸಿಕೊಂಡು ಅವತ್ತೇ ಮನೆಗೆ ಹೋಗಬಹುದು. ಜರುಗದ ಸಣ್ಣ ಬಿರುಕಿಗೆ ದಬ್ಬೆಯ ಕಟ್ಟು ನಿಭಾಯಿಸೀತು. ತೊಡೆಗೆ ಸಾಲದು, ಯಾಕೆಂದರೆ ಹೊರಗಿನ ಯಾವ ಕಟ್ಟೂ ಒಳಗಿನ ಸ್ನಾಯುವಿನ ಎಳೆತವನ್ನು ತಡೆಯಲಾರದು. ತಡೆಯಲೆಂದು ಬಿಗಿದರೆ ರಕ್ತದ ಹರಿವೇ ನಿಲ್ಲುತ್ತದೆ. ಕಾಲ್ಬೆರಳು ತಣ್ಣಗಾಗಿ, ಮುಟ್ಟಿದ್ದು ತಿಳಿಯದಂತಾದರೆ ಉಳಿದಿರುವುದು ಕೆಲವೇ ಗಂಟೆ.

ಕುಂಟ್‌ಷರ್ ಹುಟ್ಟಿದ್ದು 1900ರ ಡಿಸೆಂಬರ್ 6ರಂದು, ಸ್ವಿಕಾವ್ ಊರಿನಲ್ಲಿ. ನಮ್ಮ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದದ್ದೂ ಅದೇ ತಿಂಗಳು. ಜರ್ಮನಿಯ ಕೀಲ್ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿದ್ದಾಗ, ತೊಡೆಮೂಳೆ ಸೊಂಟಕ್ಕೆ ಸೇರುವಲ್ಲಿನ ಕತ್ತಿನ ಭಾಗಕ್ಕೆ ಹೊಡೆಯುತ್ತಿದ್ದ ಸ್ಮಿತ್-ಪೀಟರ್ಸನ್ ಮೊಳೆಯನ್ನು ನೋಡಿ ಅವರಿಗೆ ಹೊಳೆದದ್ದು ಇಷ್ಟು: ಉದ್ದ ಮೂಳೆಯ ನಡುವೆ ಮಜ್ಜೆಯ ಕೊಳವೆ ಇದ್ದೇ ಇದೆ, ಅದರ ಉದ್ದಕ್ಕೂ ಉಕ್ಕಿನ ಸರಳು ಇಳಿಸಿದರೆ ಹೊರಗಿನ ಕಟ್ಟೇ ಬೇಡ. ಎಂಜಿನಿಯರ್ ಎರ್ನ್‌ಸ್ಟ್ ಪೋಲ್ ಜೊತೆ ತುಕ್ಕು ಹಿಡಿಯದ ಉಕ್ಕಿನಲ್ಲಿ ಮೊದಲು ‘ವಿ’ ಆಕಾರದ, ಆಮೇಲೆ ಮೂರೆಸಳಿನ ಟೊಳ್ಳು ನೇಲ್ ಮಾಡಿಸಿದರು. ಒಂದು ಪಕ್ಕ ಸೀಳಿರುವುದರಿಂದ ಒಳಗೆ ಹೋಗುವಾಗ ಅದು ಮುದುಡಿಕೊಳ್ಳುತ್ತದೆ, ಹೋದ ಮೇಲೆ ಅರಳಲು ನೋಡುತ್ತ ಕೊಳವೆಯ ಗೋಡೆಗೆ ಒತ್ತಿ ನಿಲ್ಲುತ್ತದೆ. 1939ರ ನವೆಂಬರ್‌ನಲ್ಲಿ ಮೊದಲ ರೋಗಿಗೆ ಅದನ್ನು ಹಾಕಿದರು.

1940ರ ಮಾರ್ಚ್‌ನಲ್ಲಿ ಬರ್ಲಿನ್ನಿನ ಶಸ್ತ್ರಚಿಕಿತ್ಸಕರ ಸಭೆಯಲ್ಲಿ ಇದನ್ನು ಮಂಡಿಸಿದಾಗ ಬಹುಮಂದಿ ಒಪ್ಪಲಿಲ್ಲ. ಮಜ್ಜೆ ಹಾಳಾದರೆ ಮೂಳೆ ಕೂಡುವುದು ಹೇಗೆ ಎಂಬ ಅವರ ಭಯ ಅರ್ಥವಿಲ್ಲದ್ದೇನಲ್ಲ. ಆದರೆ ಮೂಳೆಗೆ ಹೊರಪೊರೆಯಿಂದಲೂ ರಕ್ತ ಬರುತ್ತದೆ. ಒಳಗಿನದು ಕೆಟ್ಟಾಗ ಹೊರಗಿನದು ಭಾರ ಹೊರುತ್ತದೆ, ಕೆಲವು ವಾರಗಳಲ್ಲಿ ಒಳಗಿನದೂ ಚೇತರಿಸಿಕೊಳ್ಳುತ್ತದೆ. ಹೊರಪೊರೆಯನ್ನೂ, ಮುರಿದಲ್ಲಿ ಹೆಪ್ಪುಗಟ್ಟಿದ ರಕ್ತವನ್ನೂ ಮುಟ್ಟಬಾರದು ಎಂಬುದೇ ಕುಂಟ್‌ಷರ್ ಅವರ ಒತ್ತಾಯ. ಅವರ ನಿಜವಾದ ಕೊಡುಗೆ ಉಕ್ಕಿಗಿಂತ ಹೆಚ್ಚಾಗಿ ಈ ಸಂಯಮ.

ಯುದ್ಧದಿಂದಾಗಿ ಹೊರಜಗತ್ತಿಗೆ ಸುದ್ದಿ ತಡವಾಗಿ ಮುಟ್ಟಿತು. ಜರ್ಮನಿಯಲ್ಲಿ ಸೆರೆಸಿಕ್ಕಿ ಮರಳಿದ ಸೈನಿಕರ ಎಕ್ಸ್‌ರೇ ತೆಗೆದಾಗ ಅಮೆರಿಕದ ವೈದ್ಯರು ಬೆರಗಾದರು. 1945ರ ಮಾರ್ಚ್‌ನಲ್ಲಿ ಟೈಮ್ ಪತ್ರಿಕೆ ಅದನ್ನು ವರದಿ ಮಾಡಿತು. ಕುಂಟ್‌ಷರ್ ಆಮೇಲೆ ಹ್ಯಾಂಬರ್ಗ್‌ನ ಬಂದರು ಆಸ್ಪತ್ರೆಯ ಮುಖ್ಯಸ್ಥರಾದರು. ಕೊಳವೆಯನ್ನು ಕೊರೆದು ಅಗಲ ಮಾಡುವ ರೀಮಿಂಗನ್ನು ಬೆಳೆಸಿದರು. 1972ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅವರ ನೇಲ್‌ಗೆ ಒಂದು ಮಿತಿ ಇತ್ತು. ಮೂಳೆ ನಡುವೆ ಅಡ್ಡಕ್ಕೆ ಮುರಿದಿದ್ದರೆ ಸೊಗಸಾಗಿ ಹಿಡಿಯುತ್ತಿತ್ತು. ಚೂರುಚೂರಾಗಿದ್ದರೆ ತುಂಡುಗಳು ಸರಳಿನ ಮೇಲೆ ಜಾರಿ ಕಾಲು ಗಿಡ್ಡವಾಗುತ್ತಿತ್ತು, ಇಲ್ಲವೇ ಪಾದ ಹೊರಕ್ಕೆ ತಿರುಗಿಕೊಳ್ಳುತ್ತಿತ್ತು. ಮೇಲೂ ಕೆಳಗೂ ಅಡ್ಡಸ್ಕ್ರೂ ಹಾಕಿ ಬಿಗಿಯುವ ಯೋಚನೆ ಅವರ ಕೊನೆಯ ವರ್ಷಗಳಲ್ಲೇ ಶುರುವಾಗಿತ್ತು. ಕ್ಲೆಮ್ ಮತ್ತು ಶೆಲ್‌ಮನ್, ಬಳಿಕ ಸ್ಟ್ರಾಸ್‌ಬರ್ಗ್‌ನ ಗ್ರೋಸ್ ಮತ್ತು ಕೆಂಫ್ ಅದನ್ನು ಪಕ್ವ ಮಾಡಿದರು. ಅದೇ ಇಂಟರ್‌ಲಾಕಿಂಗ್ ನೇಲ್. ಶಸ್ತ್ರಚಿಕಿತ್ಸೆ ನಡೆಯುವಾಗಲೇ ಮೂಳೆಯನ್ನು ಪರದೆಯ ಮೇಲೆ ತೋರಿಸುವ ಸಿ-ಆರ್ಮ್ ಎಕ್ಸ್‌ರೇ ಯಂತ್ರ ನಮ್ಮಲ್ಲಿ ಎಲ್ಲ ಕಡೆ ಬರುವ ತನಕ ಮುರಿದ ಜಾಗವನ್ನೇ ತೆರೆದು ಕೆ-ನೇಲ್ ಹೊಡೆಯುವುದು ಸಾಮಾನ್ಯವಾಗಿತ್ತು. ಸಿ-ಆರ್ಮ್ ಇಲ್ಲದ ಆಸ್ಪತ್ರೆಗಳಿಗಾಗಿಯೇ ಅಮೆರಿಕದ ಲೂಯಿಸ್ ಜಿರ್ಕಲ್ 1999ರಲ್ಲಿ, ಆ ಯಂತ್ರವಿಲ್ಲದೆಯೂ ಹಾಕಬಹುದಾದ ನೇಲ್ ಒದಗಿಸುವ ಸೈನ್ ಸಂಸ್ಥೆ ಕಟ್ಟಿದರು.

ಈಗ ಆಪರೇಷನ್ ಥಿಯೇಟರಿನಲ್ಲಿ ನಡೆಯುವುದು ಹೀಗೆ. ಫ್ರ್ಯಾಕ್ಚರ್ ಟೇಬಲ್ ಮೇಲೆ ಪಾದವನ್ನು ಬೂಟಿಗೆ ಕಟ್ಟಿ ಎಳೆದು ಉದ್ದ ಸರಿಮಾಡುತ್ತಾರೆ. ಸೊಂಟದ ಪಕ್ಕದ ಉಬ್ಬಿನ ಮೇಲುಗಡೆ ಮೂರರಿಂದ ಐದು ಸೆಂಟಿಮೀಟರ್ ಕೊಯ್ದು, ದಬ್ಬಳದಂಥ ಸಲಕರಣೆಯಿಂದ ಮೂಳೆಯ ತುದಿಯಲ್ಲಿ ತೂತು ಮಾಡುತ್ತಾರೆ. ಅದರಿಂದ ತುದಿ ಗುಂಡಗಿರುವ ಗೈಡ್ ವೈರ್, ಅಂದರೆ ದಾರಿ ತೋರುವ ತಂತಿ ಇಳಿಸಬೇಕು. ಮೇಲಿನ ತುಂಡಿನಿಂದ ಕೆಳಗಿನ ತುಂಡಿನ ಕೊಳವೆಗೆ ಅದನ್ನು ದಾಟಿಸುವಾಗಲೇ ಕೈಚಳಕ ಬೇಕು. ಮುಂದಿನಿಂದ ನೋಡಿದರೆ ಸರಿಯಾಗಿ ಕೂತಂತೆ ಕಾಣುವ ವೈರ್, ಪಕ್ಕದಿಂದ ನೋಡಿದರೆ ಮೂಳೆಯ ಹಿಂದೆ ಸ್ನಾಯುವಿನಲ್ಲಿರಬಹುದು. ಆದ್ದರಿಂದ ಎರಡೂ ನೋಟ ಬೇಕು. ಆಮೇಲೆ ಎಂಟು ಒಂಬತ್ತು ಮಿಲಿಮೀಟರ್‌ನಿಂದ ಶುರುಮಾಡಿ ಅರ್ಧರ್ಧ ಮಿಲಿಮೀಟರ್ ಏರಿಸುತ್ತ ರೀಮರ್ ಓಡಿಸುತ್ತಾರೆ. ಕೊನೆಯ ರೀಮರ್‌ಗಿಂತ ಒಂದರಿಂದ ಒಂದೂವರೆ ಮಿಲಿಮೀಟರ್ ಸಣ್ಣ ನೇಲ್ ಹಾಕುತ್ತಾರೆ. ಮೊಂಡ ರೀಮರನ್ನು ಅವಸರದಲ್ಲಿ ನೂಕಿದರೆ ಮೂಳೆ ಬಿಸಿಯಾಗುತ್ತದೆ, ಮಜ್ಜೆಯ ಕೊಬ್ಬು ರಕ್ತಕ್ಕೆ ನುಗ್ಗಿ ಶ್ವಾಸಕೋಶ ಸೇರುತ್ತದೆ. ಎದೆಗೂ ಪೆಟ್ಟಾಗಿರುವವರಲ್ಲಿ ಕೆಲವೊಮ್ಮೆ ನೇಲ್ ಮುಂದೂಡಿ, ಚರ್ಮದ ಹೊರಗಿನಿಂದ ಮೂಳೆಯನ್ನು ಹಿಡಿದಿಡುವ ಚೌಕಟ್ಟು (ಫಿಕ್ಸೇಟರ್) ಹಾಕಿ ಕಾಯುವುದು ಈ ಕಾರಣಕ್ಕೆ.

ತಪ್ಪುವುದು ಹೆಚ್ಚಾಗಿ ತಿರುವಿನಲ್ಲಿ, ಅಂದರೆ ಮೂಳೆಯ ಕೆಳತುಂಡು ಮೇಲಿನದಕ್ಕೆ ಹೋಲಿಸಿದರೆ ಎಷ್ಟು ತಿರುಗಿದೆ ಎಂಬುದರಲ್ಲಿ. ಉದ್ದ ಎಕ್ಸ್‌ರೇಯಲ್ಲಿ ಕಾಣುತ್ತದೆ, ತಿರುವು ಸುಲಭಕ್ಕೆ ಕಾಣುವುದಿಲ್ಲ. ಹದಿನೈದು ಡಿಗ್ರಿಗಿಂತ ಹೆಚ್ಚು ತಿರುಗಿ ಕೂಡಿದರೆ ನಡೆಯುವಾಗ ಕಾಡುತ್ತದೆ. ಇನ್ನೊಂದು, ಅದೇ ಮೂಳೆಯ ಕತ್ತಿನಲ್ಲಿರುವ ಕೂದಲೆಳೆಯಂಥ ಬಿರುಕು. ವೇಗದ ಬೈಕ್ ಅಪಘಾತದಲ್ಲಿ ಇದನ್ನು ಹುಡುಕಿಯೇ ನೋಡಬೇಕು.

ಮೂಳೆ ಕೂಡದಿದ್ದರೆ ರಾಡ್ ಕೊನೆಗೆ ದಣಿದು ಮುರಿಯುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಕೂಡುವುದು ತಡ. ಆರು ತಿಂಗಳಾದರೂ ಹೆಜ್ಜೆಯಿಟ್ಟಾಗ ತೊಡೆ ನೋಯುತ್ತಿದ್ದರೆ ಮತ್ತೆ ಎಕ್ಸ್‌ರೇ ತೆಗೆಸಬೇಕು. ಚೆನ್ನಾಗಿ ಕೂಡಿದ್ದು ತೊಂದರೆ ಇಲ್ಲದಿದ್ದರೆ ರಾಡ್ ತೆಗೆಸಲೇಬೇಕೆಂದಿಲ್ಲ. ತೆಗೆಸುವುದಾದರೆ ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದ ಮೇಲೆ. ಕುಂಟ್‌ಷರ್ ನೇಲಿನ ತುದಿಯಲ್ಲಿ ಕೊಕ್ಕೆ ಸಿಕ್ಕಿಸಿ ಎಳೆಯಲು ಒಂದು ಕಣ್ಣು ಇರುತ್ತಿತ್ತು. ಈಗಿನ ನೇಲಿನ ತುದಿಯಲ್ಲಿ, ಎಳೆಯುವ ಬೋಲ್ಟನ್ನು ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಇರುತ್ತದೆ, ಒಂದು ಕಂಪನಿಯ ಬೋಲ್ಟು ಇನ್ನೊಂದರ ನೇಲಿಗೆ ಕೂರದಿರಬಹುದು. ಡಿಸ್ಚಾರ್ಜ್ ಹಾಳೆಯ ಜೊತೆ ಕಂಪನಿ, ಉದ್ದ, ದಪ್ಪ ಬರೆದಿರುವ ಇಂಪ್ಲಾಂಟ್ ಸ್ಟಿಕರ್ ಕೇಳಿ ಪಡೆದು, ಫೋಟೊ ತೆಗೆದು ಇಟ್ಟುಕೊಳ್ಳಿ.