ಮೂವರಿಗೂ ಅಬ್ರಹಾಮನೇ ಮೂಲಪುರುಷ. ಹಾಗಾದರೆ ದೇವರೂ ಒಬ್ಬನೇ?

ಓದುಗರ ಪ್ರಶ್ನೆ: ಯಹೂದಿಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಅಬ್ರಹಾಮನ ಹೆಸರು ಹೇಳುತ್ತಾರೆ, ದೇವರೊಬ್ಬನೇ ಎನ್ನುತ್ತಾರೆ. ಹಾಗಿದ್ದರೆ ಮೂವರೂ ಆರಾಧಿಸುವುದು ಒಬ್ಬನೇ ದೇವರನ್ನೇ? ಮತ್ತೆ ಬೇರೆ ಬೇರೆ ಧರ್ಮಗಳಾದದ್ದು ಯಾಕೆ? ಪಾರ್ಸಿಗಳನ್ನೂ ಈ ಸಾಲಿಗೆ ಸೇರಿಸಬಹುದೇ?

ಚರಿತ್ರೆಯ ಲೆಕ್ಕದಲ್ಲಿ ಹೌದು, ಒಬ್ಬನೇ. ಯೇಸು ಯಹೂದಿಯಾಗಿ ಹುಟ್ಟಿ ಯಹೂದಿಯಾಗಿಯೇ ಬದುಕಿದವರು; ಅವರು ಪ್ರಾರ್ಥಿಸಿದ್ದು ಅಬ್ರಹಾಮ, ಇಸಾಕ, ಯಾಕೋಬರ ದೇವರನ್ನು. ಇಬ್ರಾಹೀಂ (ಅಬ್ರಹಾಮ), ಮೂಸಾ (ಮೋಶೆ), ಈಸಾರೊಂದಿಗೆ (ಯೇಸು) ಮಾತಾಡಿದ ದೇವರೇ ಪ್ರವಾದಿ ಮುಹಮ್ಮದರೊಂದಿಗೂ ಮಾತಾಡಿದ ಎಂದು ಕುರಾನ್ ಮತ್ತೆ ಮತ್ತೆ ಹೇಳುತ್ತದೆ. ಆದರೆ ಆ ದೇವರು ಎಂಥವನು, ಯಾರಿಗೆ ಯಾವ ಮಾತು ಕೊಟ್ಟ, ಕಡೆಯ ಮಾತನ್ನು ಯಾರ ಮೂಲಕ ಆಡಿದ ಎಂದು ಕೇಳಿದರೆ ಮೂರು ಕಡೆಯಿಂದ ಮೂರು ಉತ್ತರ ಬರುತ್ತವೆ. ‘ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ’ ಎಂದು ತೇಲಿಸಿಬಿಡುವುದು ಈ ಮೂರಕ್ಕೂ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಇವು ವಾದಕ್ಕೆ ಇಳಿಯುವುದೇ ಪಾಲಿಗೆ ಬಂದ ಆಸ್ತಿ ಒಂದೇ ಆದ್ದರಿಂದ. ಇದು ದಾಯಾದಿಗಳ ವ್ಯಾಜ್ಯ.

ಒಂದು ಕಥೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಬೈಬಲಿನ ಆದಿಕಾಂಡದ 22ನೇ ಅಧ್ಯಾಯದಲ್ಲಿ ದೇವರು ಅಬ್ರಹಾಮನಿಗೆ, ನಿನ್ನ ಪ್ರೀತಿಯ ಮಗ ಇಸಾಕನನ್ನು ನನಗೆ ಬಲಿ ಕೊಡು ಎನ್ನುತ್ತಾನೆ. ಅಬ್ರಹಾಮ ಬೆಳಗಿನ ಜಾವ ಎದ್ದು ಕತ್ತೆಗೆ ತಡಿ ಹಾಕುತ್ತಾನೆ, ಕಟ್ಟಿಗೆ ಸೀಳುತ್ತಾನೆ. ಮೂರನೆಯ ದಿನ ಮೊರೀಯ ಸೀಮೆಯ ಬೆಟ್ಟ ಕಾಣುತ್ತದೆ. ಕಟ್ಟಿಗೆಯ ಹೊರೆ ಮಗನ ಮೇಲೆ, ಬೆಂಕಿ ಮತ್ತು ಕತ್ತಿ ಅಪ್ಪನ ಕೈಯಲ್ಲಿ. ದಾರಿಯಲ್ಲಿ ಮಗ ಕೇಳುತ್ತಾನೆ: ಬೆಂಕಿ ಇದೆ, ಕಟ್ಟಿಗೆ ಇದೆ, ಹೋಮಕ್ಕೆ ಕುರಿ ಎಲ್ಲಿ? ದೇವರೇ ಒದಗಿಸುತ್ತಾನೆ ಎಂದಷ್ಟೇ ಅಪ್ಪ ಹೇಳುತ್ತಾನೆ. ಕತ್ತಿ ಎತ್ತಿದಾಗ ದೇವದೂತ ತಡೆಯುತ್ತಾನೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಮಗನ ಬದಲಿಗೆ ಬಲಿಯಾಗುತ್ತದೆ.

ಯಹೂದಿಗಳು ಇದನ್ನು ಹೊಸವರ್ಷದ ಹಬ್ಬದ ಎರಡನೇ ದಿನ ತಮ್ಮ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಓದುತ್ತಾರೆ. ಆ ಹಬ್ಬದಲ್ಲಿ ಟಗರಿನ ಕೊಂಬನ್ನೇ ಊದುತ್ತಾರೆ. ಅಬ್ರಹಾಮನ ವಿಧೇಯತೆಯನ್ನು ನೆನೆದು ಅವನ ವಂಶದವರಾದ ನಮಗೆ ಕರುಣೆ ತೋರು ಎಂಬುದು ಅವರ ಮೊರೆ. ಬೆನ್ನ ಮೇಲೆ ಕಟ್ಟಿಗೆ ಹೊತ್ತು ಬೆಟ್ಟ ಹತ್ತುವ ಇಸಾಕನಲ್ಲಿ ಕ್ರೈಸ್ತರು ಶಿಲುಬೆ ಹೊತ್ತ ಯೇಸುವನ್ನು ಕಂಡರು. ಅಲ್ಲಿ ಅಬ್ರಹಾಮನ ಮಗ ಉಳಿದ, ಇಲ್ಲಿ ದೇವರು ತನ್ನ ಮಗನನ್ನೇ ಕೊಟ್ಟ ಎಂಬುದು ಅವರ ಓದು. ಕುರಾನಿನ 37ನೇ ಅಧ್ಯಾಯದಲ್ಲಿ ಅಪ್ಪ ತಾನು ಕಂಡ ಕನಸನ್ನು ಮಗನಿಗೆ ಮೊದಲೇ ಹೇಳಿ, ನಿನ್ನ ಅಭಿಪ್ರಾಯವೇನು ಎಂದು ಕೇಳುತ್ತಾನೆ. ನಿಮಗಾದ ಅಪ್ಪಣೆಯಂತೆ ನಡೆಯಿರಿ, ನಾನು ತಾಳಿಕೊಳ್ಳುತ್ತೇನೆ ಎಂದು ಮಗ ಒಪ್ಪುತ್ತಾನೆ. ಇಲ್ಲಿ ದೇವರಿಗೆ ಶರಣಾಗುವವರು ಇಬ್ಬರು. ನಮ್ಮೂರುಗಳಲ್ಲಿ ನಡೆಯುವ ಬಕ್ರೀದ್ ಇದರ ನೆನಪಿನದೇ ಹಬ್ಬ.

ಆ ಮಗ ಯಾರೆಂದು ಕುರಾನ್ ಆ ಭಾಗದಲ್ಲಿ ಹೆಸರಿಸುವುದಿಲ್ಲ. 923ರಲ್ಲಿ ತೀರಿಕೊಂಡ ದೊಡ್ಡ ವ್ಯಾಖ್ಯಾನಕಾರ ಅತ್ತಬರಿ ಎರಡೂ ಕಡೆಯ ಮಾತುಗಳನ್ನು ಮುಂದಿಟ್ಟು, ಅವನು ಇಸ್‌ಹಾಕ್, ಅಂದರೆ ಇಸಾಕ, ಎಂಬ ಕಡೆಗೇ ವಾಲಿದರು. 14ನೇ ಶತಮಾನದ ವ್ಯಾಖ್ಯಾನಕಾರ ಇಬ್ನ್ ಕಸೀರ್ ಅವನು ಅಬ್ರಹಾಮನ ಇನ್ನೊಬ್ಬ ಮಗ ಇಸ್ಮಾಯೀಲನೇ ಎಂದು ಬಲವಾಗಿ ವಾದಿಸಿದರು. ಇಂದು ಮುಸ್ಲಿಮರಲ್ಲಿ ಹೆಚ್ಚಿನವರು ನಂಬುವುದು ಇದನ್ನೇ. ‘ಅವರು ಇಸಾಕ ಎನ್ನುತ್ತಾರೆ, ಇವರು ಇಸ್ಮಾಯೀಲ ಎನ್ನುತ್ತಾರೆ’ ಎಂದು ನಾವು ಸುಲಭವಾಗಿ ಗೆರೆ ಎಳೆಯುತ್ತೇವೆ. ಆ ಗೆರೆ ಗಟ್ಟಿಯಾಗಲು ಕೆಲವು ಶತಮಾನಗಳೇ ಹಿಡಿದವು.

ಮಕ್ಕಳ ವಿಚಾರ ಮುಖ್ಯವಾಗುವುದು ಉತ್ತರಾಧಿಕಾರದ ಕಾರಣಕ್ಕೆ. ಯಹೂದಿಗಳ ಪ್ರಕಾರ ದೇವರ ಒಡಂಬಡಿಕೆ ಇಸಾಕ ಮತ್ತು ಯಾಕೋಬನ ಸಂತತಿಯೊಂದಿಗೆ; ಸುನ್ನತಿ ಅದರ ಗುರುತು. ಅಬ್ರಹಾಮನ ನಂಬಿಕೆಯನ್ನು ದೇವರು ಮೆಚ್ಚಿದ್ದು ಅವನಿಗೆ ಸುನ್ನತಿಯಾಗುವ ಮೊದಲೇ, ಹಾಗಾಗಿ ನಂಬಿದವರೆಲ್ಲ ಅವನ ಮಕ್ಕಳೇ ಎಂದು ಅಪೊಸ್ತಲ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ವಾದಿಸಿದ. ಯಹೂದಿಗಳಲ್ಲದವರಿಗೆ ಬಾಗಿಲು ತೆರೆದದ್ದು ಈ ವಾದ. ಕುರಾನ್ ಇನ್ನೂ ಹಿಂದಕ್ಕೆ ಹೋಗುತ್ತದೆ: ಇಬ್ರಾಹೀಂ ಯಹೂದಿಯೂ ಆಗಿರಲಿಲ್ಲ, ಕ್ರೈಸ್ತನೂ ಆಗಿರಲಿಲ್ಲ, ಏಕದೇವನಿಗೆ ಶರಣಾದವನಾಗಿದ್ದ.

ನಿಜವಾದ ಬಿರುಕು ಮಾತ್ರ ಯೇಸುವಿನ ವಿಚಾರದಲ್ಲಿದೆ. ಯಹೂದಿಗಳು ಯೇಸುವನ್ನು ಮೆಸ್ಸೀಯನೆಂದು, ಅಂದರೆ ದೇವರು ಕಳಿಸುವ ಅಭಿಷಿಕ್ತ ರಕ್ಷಕನೆಂದು, ಒಪ್ಪಲಿಲ್ಲ. ಮಗನೂ ತಂದೆಯ ದೈವತ್ವವನ್ನೇ ಹಂಚಿಕೊಂಡವನು ಎಂದು ಕ್ರೈಸ್ತ ಬಿಷಪ್ಪರು 325ರಲ್ಲಿ, ಇಂದಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಸೇರಿ ತೀರ್ಮಾನಿಸಿದರು. ಮುಸ್ಲಿಮರು ಈಸಾ ಕನ್ಯೆ ಮರಿಯಮಳಲ್ಲಿ ಹುಟ್ಟಿದವರು, ಮಸೀಹ (ಮೆಸ್ಸೀಯ) ಎಂಬ ಬಿರುದು ಪಡೆದವರು ಎಂದು ನಂಬುತ್ತಾರೆ. ಆದರೆ ದೇವರ ಮಗ ಎಂಬುದನ್ನು ಒಪ್ಪುವುದಿಲ್ಲ, ಶಿಲುಬೆಯ ಮೇಲೆ ಸತ್ತರೆಂಬುದನ್ನೂ ಒಪ್ಪುವುದಿಲ್ಲ.

ಈ ವಾದ ಜೆರುಸಲೇಮಿನಲ್ಲಿ ಇಂದಿಗೂ ಕಣ್ಣಿಗೆ ಕಾಣುವಂತಿದೆ. ಯಹೂದಿ ಪರಂಪರೆ ಮೊರೀಯ ಎಂದು ಗುರುತಿಸುವ, ಹಿಂದೆ ಅವರ ದೇವಾಲಯವಿದ್ದ ಗುಡ್ಡದ ಮೇಲೆ ಖಲೀಫ ಅಬ್ದುಲ್ ಮಲಿಕ್ ಕಟ್ಟಿಸಿದ ಚಿನ್ನದ ಗುಮ್ಮಟದ ಕಟ್ಟಡವಿದೆ. ಒಳಗಿನ ಎಂಟು ಮೂಲೆಯ ಕಮಾನುಸಾಲಿನ ಮೇಲೆ ಸುಮಾರು 240 ಮೀಟರ್ ಉದ್ದಕ್ಕೆ, ಹೊಳೆಯುವ ಗಾಜಿನ ಚೂರುಗಳಲ್ಲಿ ಜೋಡಿಸಿದ ಅರಬ್ಬಿ ಬರಹ ಓಡುತ್ತದೆ. ಹಿಜರಿ 72 ಎಂದು, ಅಂದರೆ ಕ್ರಿ.ಶ. 691-92 ಎಂದು, ಅದರಲ್ಲೇ ಇಸವಿ ಇದೆ. ಗ್ರಂಥವುಳ್ಳವರೇ ಎಂದು ಕರೆದು, ಮರಿಯಮಳ ಮಗ ಈಸಾ ಅಲ್ಲಾಹನ ದೂತ, ದೇವರು ‘ಮೂರು’ ಎನ್ನಬೇಡಿ ಎನ್ನುತ್ತದೆ. ಅದೇ ಉಸಿರಿನಲ್ಲಿ ಈಸಾರ ಹುಟ್ಟಿನ ದಿನಕ್ಕೆ ಶಾಂತಿ ಕೋರುತ್ತದೆ. ಆಗ ಆ ಊರಿನ ಜನರಲ್ಲಿ ಹೆಚ್ಚಿನವರು ಕ್ರೈಸ್ತರು. ಗೌರವ ಮತ್ತು ಖಂಡನೆ ಎರಡನ್ನೂ ಇಷ್ಟು ಹತ್ತಿರ ಇಟ್ಟ ಬರಹವನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಯಹೂದಿ ಧರ್ಮ ತಾಯಿ, ಕ್ರೈಸ್ತ ಧರ್ಮ ಮಗಳು’ ಎಂದು ಹೇಳುವುದುಂಟು. ಅದೂ ಪೂರ್ತಿ ಸರಿಯಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಬಲಿಪೂಜೆ ನಿಂತಿತು. ಪ್ರಾರ್ಥನೆ, ಅಧ್ಯಯನ, ರಬ್ಬಿಗಳೆಂಬ ಧರ್ಮಗುರುಗಳ ವ್ಯಾಖ್ಯಾನಗಳ ಸುತ್ತ ಯಹೂದಿ ಧರ್ಮ ಹೊಸ ರೂಪ ಪಡೆಯಿತು. ಸುಮಾರು 200ರ ಹೊತ್ತಿಗೆ ಅವರ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾ ಸಂಕಲನವಾಯಿತು. ಇಂದಿನ ಯಹೂದಿ ಧರ್ಮ ಮತ್ತು ಕ್ರೈಸ್ತ ಧರ್ಮ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದೇ ಹಳೆಯ ಬೇರಿನಿಂದ ಮೂಡಿದವು.

ಆ ಹಳೆಯ ಬೇರಿನಲ್ಲಿಯೂ ಏಕದೇವ ಮೊದಲಿನಿಂದ ಇರಲಿಲ್ಲ. ಸೀನಾಯ್ ಮರುಭೂಮಿಯ ಕುಂತಿಲ್ಲತ್ ಅಜ್ರೂದ್‌ನಲ್ಲಿ 1975-76ರಲ್ಲಿ ಅಗೆದಾಗ, ಸುಮಾರು ಕ್ರಿ.ಪೂ. 800ರ ದೊಡ್ಡ ಗುಡಾಣಗಳು ಸಿಕ್ಕವು. ಅವುಗಳ ಮೇಲೆ ‘ಸಮಾರ್ಯದ ಯೆಹೋವ ಮತ್ತು ಅವನ ಅಶೇರ’ ಎಂಬ ಹೆಸರಿನಲ್ಲಿ ಹರಕೆಯ ಮಾತಿದೆ. ಅಶೇರ ಎಂದರೆ ದೇವಿಯೋ, ದೇವಿಯ ಗುರುತಾದ ಕಂಬವೋ ಎಂಬ ಚರ್ಚೆ ಮುಗಿದಿಲ್ಲ. ಇಸ್ರೇಲರ ದೇವರಾದ ಯೆಹೋವ ಒಬ್ಬನೇ ಎಂಬ ಮಾತು ಆಗಿನ ಜನರಿಗೆಲ್ಲ ಒಗ್ಗಿರಲಿಲ್ಲ ಎಂಬುದಂತೂ ಗುಡಾಣದ ಮೇಲೆಯೇ ಇದೆ. ಹತ್ತು ಆಜ್ಞೆಗಳಲ್ಲಿ ಮೊದಲನೆಯದೂ ನಾನಲ್ಲದೆ ಬೇರೆ ದೇವರುಗಳು ನಿನಗಿರಬಾರದು ಎನ್ನುತ್ತದೆ. ಬೇರೆ ದೇವರುಗಳೇ ಇಲ್ಲ ಎನ್ನುವುದಿಲ್ಲ. ಆ ಮಾತು ಖಚಿತವಾಗಿ ಕೇಳಿಸುವುದು ಕ್ರಿ.ಪೂ. 6ನೇ ಶತಮಾನದಲ್ಲಿ, ಬಾಬಿಲೋನಿನಲ್ಲಿ ಸೆರೆಯಾಗಿದ್ದ ಯಹೂದಿಗಳಿಗೆ ಧೈರ್ಯ ಹೇಳುವ ಯೆಶಾಯನ ಪುಸ್ತಕದ 45ನೇ ಅಧ್ಯಾಯದಲ್ಲಿ: ನಾನೇ ದೇವರು, ಬೇರೆ ಯಾರೂ ಇಲ್ಲ. ಊರು, ಅರಸ, ಗುಡಿ ಮೂರನ್ನೂ ಕಳೆದುಕೊಂಡವರು, ಗೆದ್ದವರ ದೇವರಿಗೆ ಅಡ್ಡಬೀಳದೆ, ಇಡೀ ಜಗತ್ತೇ ನಮ್ಮ ದೇವರದು ಎಂದದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

ಪಾರ್ಸಿಗಳ ಪ್ರಶ್ನೆ ಎದುರಾಗುವುದೂ ಇಲ್ಲೇ. ಕ್ರಿ.ಪೂ. 539ರಲ್ಲಿ ಬಾಬಿಲೋನ್ ಗೆದ್ದು ಯಹೂದಿಗಳನ್ನು ಊರಿಗೆ ಹೋಗಗೊಟ್ಟವನು ಪರ್ಶಿಯಾದ ಸೈರಸ್. ಅದೇ ಅಧ್ಯಾಯ ಅವನನ್ನು ದೇವರ ಅಭಿಷಿಕ್ತ ಎಂದು ಕರೆಯುತ್ತದೆ. ಪಾರ್ಸಿಗಳು ಅನುಸರಿಸುವ ಜರತುಷ್ಟ್ರನ ಧರ್ಮದಲ್ಲಿ ಅಹುರ ಮಜ್ದಾನೇ ಪರಮದೇವರು, ಆದರೆ ಅವನಿಗೆ ಎದುರಾಗಿ ದುಷ್ಟಶಕ್ತಿಯೊಂದಿದೆ. ಬೆಳಕನ್ನೂ ಕತ್ತಲನ್ನೂ ಮಾಡಿದವನು ನಾನೇ ಎಂದು ಯೆಶಾಯನ ದೇವರು ಹೇಳುವುದು ಈ ನಂಬಿಕೆಗೆ ಕೊಟ್ಟ ಉತ್ತರ ಎಂದು ಕೆಲವು ವಿದ್ವಾಂಸರು ಓದುತ್ತಾರೆ. ಸತ್ತವರು ಏಳುವುದು, ಕಡೆಯ ತೀರ್ಪು, ಸೈತಾನ ಇವೆಲ್ಲ ಪರ್ಶಿಯಾದಿಂದಲೇ ಬಂದವು ಎಂಬ ಮಾತನ್ನು ಮಾತ್ರ ಎಚ್ಚರದಿಂದ ಹೇಳಬೇಕು. ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾದ ಗಾಥೆಗಳು (ಸ್ತೋತ್ರಗಳು) ಬಹಳ ಪ್ರಾಚೀನವಾದರೂ ಉಳಿದಿರುವ ಹಸ್ತಪ್ರತಿಗಳಲ್ಲಿ ತೀರ ಹಳೆಯವು 13-14ನೇ ಶತಮಾನದವು. ಯಾರು ಯಾರಿಂದ ಪಡೆದರು ಎಂದು ಅವುಗಳಿಂದ ಸಾಧಿಸುವುದು ಕಷ್ಟ.

ಅಬ್ರಹಾಮನ ವಂಶಕ್ಕಂತೂ ಪಾರ್ಸಿಗಳು ಸೇರುವುದಿಲ್ಲ. ಕುರಾನ್ ಅವರನ್ನು ಮಜೂಸಿಗಳೆಂದು 22ನೇ ಅಧ್ಯಾಯದಲ್ಲಿ ಒಮ್ಮೆ ಹೆಸರಿಸುತ್ತದೆ. ಮುಸ್ಲಿಂ ಆಳ್ವಿಕೆಯಲ್ಲಿ ಯಹೂದಿ, ಕ್ರೈಸ್ತರಂತೆ ಅವರಿಂದಲೂ ಜಿಜಿಯಾ ತೆರಿಗೆ ಪಡೆದು ರಕ್ಷಣೆ ಕೊಡುತ್ತಿದ್ದರು. ಆದರೆ ಅವರು ಕೊಯ್ದ ಮಾಂಸ ತಿನ್ನುವುದಕ್ಕಾಗಲಿ, ಅವರ ಹೆಣ್ಣನ್ನು ಮದುವೆಯಾಗುವುದಕ್ಕಾಗಲಿ ಹೆಚ್ಚಿನ ಧರ್ಮಶಾಸ್ತ್ರಜ್ಞರು ಒಪ್ಪಲಿಲ್ಲ.