ಡಾಕ್ಟರ್ ಆ ಮಾತ್ರೆಯನ್ನೇ ಯಾಕೆ ಬರೆದರು?

ಒಂದೇ ಕಾಯಿಲೆಗೆ ಇಬ್ಬರು ಡಾಕ್ಟರು ಬೇರೆ ಬೇರೆ ಮಾತ್ರೆ ಬರೆಯುವುದುಂಟು. ಇಬ್ಬರದೂ ಸರಿಯೇ ಇರಬಹುದು. ವಯಸ್ಸು, ಕಿಡ್ನಿಯ ಸ್ಥಿತಿ, ಅಲರ್ಜಿ, ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಬೆಲೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಔಷಧಿ ನಿಜಕ್ಕೂ ಕೆಲಸ ಮಾಡುತ್ತದಾ ಎಂದು ಕಟ್ಟುನಿಟ್ಟಾಗಿ ಪರೀಕ್ಷಿಸುವ ಪದ್ಧತಿಗೆ ಇನ್ನೂ ನೂರು ವರ್ಷವೂ ಆಗಿಲ್ಲ.

ಮೊದಲೆಲ್ಲ ಗುರುಗಳು ಹೇಳಿದ್ದು, ತಾವು ಕಂಡಿದ್ದು, ಅಷ್ಟೇ ಆಧಾರ. 1948ರಲ್ಲಿ ಬ್ರಿಟನ್ನಿನ ಸಂಶೋಧಕರು ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ ಫಲಿತಾಂಶ ಪ್ರಕಟಿಸಿದರು. ಯಾರಿಗೆ ಔಷಧಿ ಎಂಬುದನ್ನು ಡಾಕ್ಟರಲ್ಲ, ಲಾಟರಿ ಎತ್ತಿದ ಹಾಗೆ, ಮುಚ್ಚಿದ ಲಕೋಟೆ ತೀರ್ಮಾನಿಸಿತ್ತು. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಮಂದಿ ತೀರಿಕೊಂಡರೆ, ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14 ಮಂದಿ. ಗರ್ಭಿಣಿಯರು ಥಾಲಿಡೊಮೈಡ್ ಮಾತ್ರೆ ತೆಗೆದುಕೊಂಡು ಮಕ್ಕಳು ಅಂಗವಿಕಲರಾಗಿ ಹುಟ್ಟಿದ ದುರಂತದ ನಂತರ, 1962ರಲ್ಲಿ, ಔಷಧಿಯ ಗುಣವನ್ನು ಕಂಪನಿಯೇ ಸಾಬೀತು ಮಾಡಬೇಕೆಂದು ಅಮೆರಿಕ ಕಾನೂನು ತಂದಿತು.

ಆದರೂ ಡಾಕ್ಟರುಗಳ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1989ರಲ್ಲಿ. ಹೃದಯಾಘಾತದ ನಂತರ ಎದೆಬಡಿತ ತಾಳ ತಪ್ಪುವವರಿಗೆ ಸಾವಿನ ಅಪಾಯ ಜಾಸ್ತಿ. ಹಾಗಾದರೆ ತಾಳ ಸರಿಮಾಡಿದರೆ ಜೀವ ಉಳಿಯಬೇಕಲ್ವಾ? ಅದೇ ತರ್ಕದ ಮೇಲೆ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಮಾತ್ರೆಗಳನ್ನು ಡಾಕ್ಟರುಗಳು ಬರೆಯುತ್ತಿದ್ದರು. ಇಸಿಜಿಯಲ್ಲಿ ಗುಣ ಕಾಣುತ್ತಲೂ ಇತ್ತು. 'ಕಾಸ್ಟ್' ಎಂಬ ಪ್ರಯೋಗದಲ್ಲಿ ಅರ್ಧ ಜನರಿಗೆ ಇವನ್ನೂ ಉಳಿದವರಿಗೆ ಔಷಧಿಯಿಲ್ಲದ ಸುಳ್ಳು ಮಾತ್ರೆಯನ್ನೂ ಕೊಟ್ಟರು. ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಕೊನೆಯ ಲೆಕ್ಕದಲ್ಲಿ ಔಷಧಿ ಪಡೆದ 755 ಜನರಲ್ಲಿ 63 ಸಾವು, ಸುಳ್ಳು ಮಾತ್ರೆಯ 743ರಲ್ಲಿ 26. ಒಬ್ಬ ಡಾಕ್ಟರಿಗೆ ತನ್ನ ರೋಗಿಗಳನ್ನಷ್ಟೇ ನೋಡಿ ಇದು ಗೊತ್ತಾಗುವುದು ಸಾಧ್ಯವೇ ಇರಲಿಲ್ಲ. ಸತ್ತವರಿಗೆ ಮೊದಲೇ ಹೃದ್ರೋಗ ಇತ್ತು. ಮಾತ್ರೆಯ ಮೇಲೆ ಯಾರಿಗೆ ಅನುಮಾನ ಬರುತ್ತದೆ?

'ಸಾಕ್ಷ್ಯಾಧಾರಿತ ವೈದ್ಯಕೀಯ', ಅಂದರೆ ಇಂಥ ಪ್ರಯೋಗಗಳ ಸಾಕ್ಷ್ಯ ನೋಡಿ ಚಿಕಿತ್ಸೆ ಕೊಡುವುದು, ಎಂಬ ಮಾತು ಚಲಾವಣೆಗೆ ಬಂದದ್ದು ಇದರ ಬೆನ್ನಿಗೇ, 1990ರ ದಶಕದ ಶುರುವಿನಲ್ಲಿ. ಇವತ್ತಿನ ಚಿಕಿತ್ಸಾ ಮಾರ್ಗಸೂಚಿಗಳೆಲ್ಲ ಆ ದಾರಿಯಲ್ಲೇ ಬಂದವು.

ಸಾಕ್ಷ್ಯ ಸಿಕ್ಕ ಮಾತ್ರಕ್ಕೆ ಚೀಟಿ ಬದಲಾಗುವುದಿಲ್ಲ, ಅದು ಬೇರೆ ಮಾತು. 2002ರಲ್ಲಿ ಮುವತ್ತಮೂರು ಸಾವಿರಕ್ಕೂ ಜಾಸ್ತಿ ಬಿಪಿ ರೋಗಿಗಳ ಮೇಲಿನ 'ಆಲ್‌ಹ್ಯಾಟ್' ಅಧ್ಯಯನ ಬಂತು. ಹೃದಯಾಘಾತ ತಡೆಯುವುದರಲ್ಲಿ ಹಳೆಯ, ಅಗ್ಗದ ಕ್ಲೋರ್‌ಥಾಲಿಡೋನ್ ಹೊಸ ಮಾತ್ರೆಗಳಿಗೆ ಏನೂ ಕಡಿಮೆ ಇರಲಿಲ್ಲ. ಆದರೂ ಅದರ ಬಳಕೆ ನಿರೀಕ್ಷಿಸಿದಷ್ಟು ಏರಲಿಲ್ಲ. ಹೊಸ ಮಾತ್ರೆಯ ಸ್ಯಾಂಪಲ್ ಹಿಡಿದು ಕಂಪನಿ ಪ್ರತಿನಿಧಿಗಳು ಕ್ಲಿನಿಕ್ಕಿಗೆ ಬರುತ್ತಾರೆ. ಲಾಭವೇ ಇಲ್ಲದ ಹಳೆ ಮಾತ್ರೆಗೆ ಅಷ್ಟು ಓಡಾಡುವವರು ಯಾರು? ಅಮೆರಿಕದಲ್ಲಿ 2010ರ ಕಾನೂನಿನ ಪ್ರಕಾರ, ಕಂಪನಿಗಳು ಡಾಕ್ಟರುಗಳಿಗೆ ಕೊಡುವ ಹಣ, ಊಟ, ಉಡುಗೊರೆಗಳ ಲೆಕ್ಕ ಸರ್ಕಾರಕ್ಕೆ ಕೊಡಬೇಕು. ಈಗ ಅಲ್ಲಿ ರೋಗಿಯೇ ತನ್ನ ಡಾಕ್ಟರ ಹೆಸರು ಹಾಕಿ ಅದನ್ನು ನೋಡಬಹುದು.