ಮಗು ಏನು ಮಾಡಿತು, ಅದನ್ನು ಮೊದಲು ಹೇಳಿ

ಗಣಿತದ ತರಗತಿ ನೋಡಿ ಬಂದವರ ವರದಿಯಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: 'ಮಗುವಿಗೆ ಪರಿಕಲ್ಪನೆ ಸ್ಪಷ್ಟವಾಗಿಲ್ಲ.' ಶಿಕ್ಷಕರ ತರಬೇತಿ ನನ್ನ ಕೆಲಸ, ಹಾಗಾಗಿ ಇಂಥ ವರದಿ ಓದುವುದು ಜಾಸ್ತಿ. ಮಗು ಏನು ಮಾಡಿತು ಅನ್ನೋದು ಮಾತ್ರ ಅದರಲ್ಲಿ ಸಿಗುವುದಿಲ್ಲ.

ಅದನ್ನೇ ಮೊದಲು ಕೇಳುವ ಒಂದು ಸಂಶೋಧನಾ ದಾರಿ ಇದೆ, ಎನಾಕ್ಟಿವಿಸಂ. ಇದರ ಬೇರು ಚಿಲಿ ದೇಶದ ಜೀವವಿಜ್ಞಾನಿಗಳಾದ ಉಂಬೆರ್ಟೊ ಮಾತುರಾನಾ ಮತ್ತು ಫ್ರಾನ್ಸಿಸ್ಕೊ ವರೇಲಾ ಅವರ ಚಿಂತನೆಯಲ್ಲಿದೆ. ವರೇಲಾ ಇನ್ನಿಬ್ಬರ ಜೊತೆ 1991ರಲ್ಲಿ ಬರೆದ ಪುಸ್ತಕದಿಂದ ಹೆಸರು ಹರಡಿತು. ತಿಳಿಯುವುದು ಬೇರೆ, ಮಾಡುವುದು ಬೇರೆ ಅಲ್ಲ ಎಂಬುದು ಇದರ ತಿರುಳು.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೋರ್ ಅಬ್ರಹಾಂಸನ್ ಅವರ ತಂಡ ಮಾಡಿದ ಪ್ರಯೋಗ ನೋಡಿ. ಮಗು ಕಂಪ್ಯೂಟರ್ ಪರದೆಯ ಮುಂದೆ ಎರಡೂ ಕೈ ಎತ್ತಿ ಆಡಿಸಬೇಕು. ಬಲಗೈ ಎಡಗೈಯ ಎರಡರಷ್ಟು ಎತ್ತರದಲ್ಲಿದ್ದರೆ ಪರದೆ ಹಸಿರು, ಇಲ್ಲದಿದ್ದರೆ ಕೆಂಪು. ಈ ನಿಯಮವನ್ನು ಮಗುವಿಗೆ ಹೇಳುವುದಿಲ್ಲ. ಹೇಗೋ ಹಸಿರು ಸಿಗುತ್ತದೆ. ಕೈಗಳ ನಡುವಿನ ಅಂತರ ಹಾಗೇ ಇಟ್ಟುಕೊಂಡು ಮೇಲೆತ್ತಿದರೆ ಪರದೆ ಮತ್ತೆ ಕೆಂಪಾಗುತ್ತದೆ. ಸರಿಮಾಡುತ್ತಾ ಹೋದ ಹಾಗೆ, ಮೇಲಕ್ಕೆ ಹೋದಷ್ಟೂ ಅಂತರ ಹೆಚ್ಚಬೇಕು ಅಂತ ಗೊತ್ತಾಗುತ್ತದೆ. ಆಮೇಲೆ ಪರದೆ ಮೇಲೆ ಚೌಕುಳಿ ಗೆರೆ ಬಂದಾಗ ಮಾತು ಬದಲಾಗುತ್ತದೆ: ಎಡಗೈ ಒಂದು ಮನೆ ಏರಿದರೆ ಬಲಗೈ ಎರಡು.

ಅಂತರ ಒಂದೇ ಇರಬೇಕು ಅನ್ನುವ ಮೊದಲ ಹೆಜ್ಜೆ, ಅನುಪಾತದ ಲೆಕ್ಕದಲ್ಲಿ ನಮ್ಮ ಮಕ್ಕಳೂ ಮಾಡುವ ಅದೇ 'ತಪ್ಪು'. ಅಷ್ಟಕ್ಕೇ ವರದಿ ಮುಗಿಸಿದರೆ ಮುಂದಿನದ್ದೆಲ್ಲ ಹೋಯಿತು, ಅಲ್ವಾ? ಆ ಹೆಜ್ಜೆ ಇಟ್ಟಿದ್ದರಿಂದಲೇ ಪರದೆ ಕೆಂಪಾಯಿತು, ಕೆಂಪಾಗಿದ್ದರಿಂದಲೇ ಮಗು ಅಂತರವನ್ನು ಗಮನಿಸಿತು.

ಬಾಯಿಲೆಕ್ಕದಲ್ಲೂ ಹೀಗೇ. 36ನ್ನು 25ರಿಂದ ಗುಣಿಸಿ ಅಂದರೆ ಒಬ್ಬಳು '30 ಇಪ್ಪತ್ತೈದಲ 750, ಇನ್ನಾರಕ್ಕೆ 150' ಅನ್ನುತ್ತಾಳೆ. ಇನ್ನೊಬ್ಬ '36ರ ಕಾಲು 9, ಹಾಗಾದರೆ 900' ಅಂದುಬಿಡುತ್ತಾನೆ. ಇಬ್ಬರ ಮುಂದಿದ್ದದ್ದು ನಿಜಕ್ಕೂ ಒಂದೇ ಲೆಕ್ಕವೇ? ಅವನಿಗೆ 25 ಅಂದರೆ ನೂರರ ಕಾಲು. ಅವಳಿಗೆ ಒಡೆಯಬೇಕಾದದ್ದು 36. ಮಾಂಟ್ರಿಯಲ್‌ನ ಸಂಶೋಧಕ ಜೆರೋಮ್ ಪ್ರೂ ಬಾಯಿಲೆಕ್ಕವನ್ನೇ ಹಿಡಿದು ಹೇಳುವುದು ಇದನ್ನೇ: ಉಪಾಯ ತಲೆಯಲ್ಲಿ ಮೊದಲೇ ಸಿದ್ಧವಾಗಿ ಕೂತಿರುವುದಿಲ್ಲ, ಲೆಕ್ಕದ ಎದುರು ನಿಂತಾಗ ಹುಟ್ಟುತ್ತದೆ.

ಇನ್ನು ನೋಡುವವರ ಸರದಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ಸಂಶೋಧಕರಾದ ಲಾರಿಂಡಾ ಬ್ರೌನ್ ಮತ್ತು ಆಲ್ಫ್ ಕೋಲ್ಸ್, ಶಿಕ್ಷಕರ ಜೊತೆ ಕೂತು ತರಗತಿಯ ಕೆಲವೇ ನಿಮಿಷದ ವಿಡಿಯೊ ನೋಡುತ್ತಾರೆ. ಮೊದಲು ಕಂಡದ್ದನ್ನಷ್ಟೇ ಹೇಳಬೇಕು. ಭಿನ್ನಾಭಿಪ್ರಾಯ ಬಂದರೆ ಮತ್ತೆ ವಿಡಿಯೊ ನೋಡಬೇಕು. ಅರ್ಥ ಹೇಳುವುದೆಲ್ಲ ಆಮೇಲೆ. ನಾನೂ ತರಬೇತಿಯಲ್ಲಿ ಇದನ್ನು ಮಾಡಿಸುತ್ತೇನೆ. ಸುಲಭ ಅಂತ ತೋರುತ್ತದೆ, ಆದರೆ ಸುಲಭವಲ್ಲ. 'ಆ ಹುಡುಗಿಗೆ ಬೋರ್ ಆಗಿದೆ ಮೇಡಂ' ಅಂದರು ಒಬ್ಬರು. ಕಂಡದ್ದೇನು ಅಂತ ಕೇಳಿದೆ. 'ಪೆನ್ಸಿಲ್ ಕೆಳಗಿಟ್ಟಳು, ಕಿಟಕಿ ಕಡೆ ನೋಡಿದಳು.' ಮತ್ತೆ ಹಾಕಿದೆವು. ತುಟಿ ಅಲುಗುತ್ತಿತ್ತು. ಬೆಂಚಿನ ಅಂಚಿನಲ್ಲಿ ಹೆಬ್ಬೆರಳು ಒಂದೊಂದೇ ಬೆರಳಿನ ಗೆಣ್ಣು ಮುಟ್ಟುತ್ತಿತ್ತು. ಹುಡುಗಿ ಎಣಿಸುತ್ತಿದ್ದಳು.

ಸಂಶೋಧಕರೂ ಇದರಲ್ಲಿ ಹೊರಗಿನವರಲ್ಲ. ನೋಡುತ್ತಾ ನೋಡುತ್ತಾ ಅವರ ಪ್ರಶ್ನೆಯೇ ಬದಲಾಗಬಹುದು. ಬದಲಾದದ್ದನ್ನು ಮುಚ್ಚಿಡದೆ ಬರೆಯಬೇಕು. ಒಬ್ಬರ ಕಣ್ಣನ್ನೇ ನಂಬಬಾರದು ಅಂತಲೇ ಒಂದೇ ದೃಶ್ಯವನ್ನು ಹಲವರು ಹಲವು ಸಲ ನೋಡುತ್ತಾರೆ. ಇದಕ್ಕೆ ಸಮಯ ತುಂಬಾ ಹಿಡಿಯುತ್ತದೆ. ಜಿಲ್ಲೆಯಲ್ಲಿ ಎಷ್ಟು ಶೇಕಡಾ ಮಕ್ಕಳಿಗೆ ಭಾಗಾಕಾರ ಬರುತ್ತದೆ ಅಂತ ಇಲಾಖೆ ಕೇಳಿದರೆ ಈ ದಾರಿಯಲ್ಲಿ ಉತ್ತರ ಸಿಗುವುದಿಲ್ಲ. ಅದಕ್ಕೆ ಪರೀಕ್ಷೆಯೇ ಬೇಕು.

ತರಗತಿಯಲ್ಲಿ ಇಂಥ ವಿಡಿಯೊ ಮಾಡಿ ನೋಡುವವರು ಮೊದಲು ಪೋಷಕರ ಒಪ್ಪಿಗೆ ಪಡೆಯಿರಿ. ಆಮೇಲೆ ಫೋನನ್ನು ಬೋರ್ಡಿನ ಕಡೆ ತಿರುಗಿಸಬೇಡಿ, ಮಕ್ಕಳ ಕೈ ಕಾಣುವ ಹಾಗೆ ಇಡಿ.